ಹೊಣೆಯನ್ನು ವಹಿಸಿಕೊಟ್ಟವರ ಊರು

ನಮ್ಮ ರಾಯಚೂರಿನಲ್ಲಿ ಯಾವ ದಿನದ ಪತ್ರಿಕೆಯ ಜಿಲ್ಲಾ ಪುಟ ತೆರೆದರೂ ಪ್ರತಿಭಟನೆಯ ಸುದ್ದಿಗೆ ಬರವಿಲ್ಲ. ರಸ್ತೆ ದುರಸ್ತಿಗೆ ಆಗ್ರಹ, ವಸತಿನಿಲಯಕ್ಕೆ ಆಗ್ರಹ, ಬಸ್ಸಿಗೆ ಆಗ್ರಹ, ತಹಸೀಲ್ದಾರರ ಮೂಲಕ ಮುಖ್ಯಮಂತ್ರಿಗಳಿಗೆ ಮನವಿ ಪತ್ರ. ಕೊನೆಯಲ್ಲಿ ಹತ್ತು ಹನ್ನೆರಡು ಹೆಸರುಗಳು, ಅದರ ಬೆನ್ನಿಗೆ ‘ಸೇರಿದಂತೆ ಅನೇಕರು ಪಾಲ್ಗೊಂಡಿದ್ದರು’ ಎಂಬ ಸಾಲು. ಪಕ್ಕದ ಚಿತ್ರದಲ್ಲಿ ಹುಡುಕಿದರೆ ಆ ಅನೇಕರು ಸಿಗುವುದಿಲ್ಲ. ಬ್ಯಾನರ್ ಹಿಡಿಯಲು ಬೇಕಾದಷ್ಟು ಜನ ಮಾತ್ರ ನಿಂತಿರುತ್ತಾರೆ. ಆದ್ದರಿಂದ ನಮ್ಮ ಭಾಗದಲ್ಲಿ ಹೋರಾಟ ಸತ್ತುಹೋಯಿತು ಎಂದು ಮರುಗುವವರ ಮಾತನ್ನು ಸ್ವಲ್ಪ ತಿದ್ದಬೇಕೆನಿಸುತ್ತದೆ: ಹೋರಾಟದ ಸುದ್ದಿ ಹೆಚ್ಚಿದೆ, ಹೋರಾಡುವವರು ಕಡಿಮೆಯಾಗಿದ್ದಾರೆ.

ಕಾರಣ ಕೇಳಿದರೆ ಓದಿಕೊಂಡವರಲ್ಲಿ ಬಹುತೇಕರು ಒಂದೇ ಉತ್ತರ ಕೊಡುತ್ತಾರೆ. ಜನ ಜಡವಾಗಿದ್ದಾರೆ, ಮೊಬೈಲಿನಲ್ಲಿ ಮುಳುಗಿದ್ದಾರೆ, ಗ್ಯಾರಂಟಿಯ ಹಣ ಖಾತೆಗೆ ಬಿದ್ದರೆ ಸಾಕೆಂದುಕೊಂಡಿದ್ದಾರೆ. ಈ ಉತ್ತರ ಹೇಳುವವರಿಗೆ ಹಿತವಾಗಿರುತ್ತದೆ, ಏಕೆಂದರೆ ಆ ‘ಜನ’ರಲ್ಲಿ ಅವರು ತಮ್ಮನ್ನು ಸೇರಿಸಿಕೊಂಡಿರುವುದಿಲ್ಲ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿ, ಕೆಲವರು ಪ್ರಾಣವನ್ನೇ ಕಳೆದುಕೊಂಡಾಗ ಈ ಊರಿನಲ್ಲಿ ಸಿಟ್ಟಿಗೇನೂ ಕೊರತೆಯಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ, ಚಹಾದ ಹೋಟೆಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಅದೇ ಮಾತು ನಡೆಯುತ್ತಿತ್ತು. ಆದರೆ ಆ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದುದು ‘ಸಂಘಟನಿಯವರು ಏನ್ ಮಾಡಾಕತ್ತಾರ?’ ಎಂಬಲ್ಲಿ. ನಲ್ಲಿ ತಮ್ಮ ಮನೆಯದು, ವಾಂತಿಭೇದಿ ತಮ್ಮ ಮಗುವಿನದು, ಕೇಳಬೇಕಾದವರು ಮಾತ್ರ ಸಂಘಟನೆಯವರು. ನಾವು ಕಳೆದುಕೊಂಡಿರುವುದು ಆಸಕ್ತಿಗಿಂತ ಹೆಚ್ಚಾಗಿ ಹೊಣೆ. ಅದನ್ನು ಸಂಘಟನೆಗೆ, ನ್ಯಾಯಾಲಯಕ್ಕೆ, ಮಠಕ್ಕೆ, ಕಡೆಗೆ ಟಿ.ವಿ. ವರದಿಗಾರನಿಗೂ ವಹಿಸಿಕೊಟ್ಟು ನಿಶ್ಚಿಂತರಾಗಿದ್ದೇವೆ.

ಏಮ್ಸ್ ಧರಣಿಯನ್ನೇ ನೋಡಿ. ರಾಯಚೂರಿಗೆ ಏಮ್ಸ್ (ಕೇಂದ್ರ ಸರ್ಕಾರದ ದೊಡ್ಡ ವೈದ್ಯಕೀಯ ಸಂಸ್ಥೆ) ಬೇಕೆಂದು ಮಹಾತ್ಮ ಗಾಂಧಿ ಕ್ರೀಡಾಂಗಣದ ಆವರಣದಲ್ಲಿ ಅನಿರ್ದಿಷ್ಟಾವಧಿ ಧರಣಿ ಆರಂಭವಾದದ್ದು 2022ರ ಮೇ 13ರಂದು. ಅದು ಸಾವಿರ ದಿನ ದಾಟಿದ್ದು 2025ರ ಫೆಬ್ರುವರಿಯಲ್ಲಿ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ರಾಯಚೂರಿಗೆ ಶಿಫಾರಸು ಮಾಡಿದ್ದ ಐಐಟಿ ಧಾರವಾಡಕ್ಕೆ ಹೋದ ಗಾಯ ಇನ್ನೂ ಹಸಿಯಾಗಿರುವುದರಿಂದ ಈ ಬೇಡಿಕೆಯ ಬಗ್ಗೆ ಊರಿನಲ್ಲಿ ಎರಡು ಮಾತಿಲ್ಲ. ಎಲ್ಲ ಪಕ್ಷದವರೂ ಒಪ್ಪುತ್ತಾರೆ, ರಾಜ್ಯ ಸರ್ಕಾರವೇ ಕೇಂದ್ರಕ್ಕೆ ಪತ್ರ ಬರೆದಿದೆ. ಹೀಗಿದ್ದೂ ಆ ಶಾಮಿಯಾನದ ಕೆಳಗೆ ದಿನವೂ ಕುಳಿತವರು ಬೆರಳೆಣಿಕೆಯ ಮಂದಿ. ಉಳಿದವರು ‘ಬೆಂಬಲ ಸೂಚಿಸಲು’ ಬರುತ್ತಾರೆ: ಒಂದು ಸಂಘ ಒಂದು ದಿನ, ಒಂದು ಭಾಷಣ, ಒಂದು ಫೋಟೊ, ಸಂಜೆಗೆ ವಾಟ್ಸ್‌ಆ್ಯಪ್ ಸ್ಟೇಟಸ್. ಬೆಂಬಲ ಸೂಚಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ತನ್ನದೇ ಬೇಡಿಕೆಗೆ ಬೆಂಬಲ ಸೂಚಿಸುವುದು ವಿಚಿತ್ರ ಸಂಗತಿ. ಅದು ನಮಗೆ ವಿಚಿತ್ರವೆಂದು ಅನ್ನಿಸುವುದೂ ನಿಂತುಹೋಗಿದೆ.

‘ಹೋರಾಡಿ ಏನು ಸಿಕ್ಕಿತು?’ ಎಂದು ಕೇಳುವ ತರುಣರಿಗೆ ಸಹಾಯಕ ಆಯುಕ್ತರ ಕಚೇರಿಯ ಮುಂದೆ ಒಂದು ಗಂಟೆ ನಿಂತು ಬನ್ನಿ ಎಂದು ಹೇಳುತ್ತೇನೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರಕ್ಕಾಗಿ ಅಲ್ಲಿ ಎಷ್ಟು ಜನ ತಿರುಗುತ್ತಾರೆ! ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನಮ್ಮ ಮಕ್ಕಳಿಗೆ ಶೇ 70ರಷ್ಟು ಸೀಟು, ನೌಕರಿಯಲ್ಲಿ ಸ್ಥಳೀಯ ವೃಂದ, ಅಭಿವೃದ್ಧಿ ಮಂಡಳಿ, ಇವೆಲ್ಲ 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೇ ತಿದ್ದುಪಡಿಯ ಫಲ. ಆ ತಿದ್ದುಪಡಿಗಾಗಿ ವೈಜನಾಥ ಪಾಟೀಲರಂಥವರು ಮಂತ್ರಿ ಪದವಿಗಿಂತ ಹೆಚ್ಚಾಗಿ ಬೀದಿಯನ್ನೇ ನಂಬಿ ದಶಕಗಳ ಕಾಲ ಓಡಾಡಿದರು. ಅವರು ತೀರಿಕೊಂಡದ್ದು 2019ರಲ್ಲಿ. ಸಾಲಿನಲ್ಲಿ ನಿಂತ ಹುಡುಗರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತೆಂದು ಕೇಳುವ ಧೈರ್ಯ ನನಗಿಲ್ಲ. ಗೆದ್ದ ಹೋರಾಟ ಸರ್ಕಾರಿ ನಮೂನೆಯಾಗಿ ಕೈಗೆ ಬಂದಾಗ ಅದರ ಹಿಂದಿನ ದುಡಿಮೆ ಕಾಣುವುದಿಲ್ಲ. ದುಡಿಮೆ ಕಾಣದವನಿಗೆ ಮುಂದಿನದೂ ಹಾಗೆಯೇ ತಾನಾಗಿ ಬರಬೇಕೆನಿಸುವುದರಲ್ಲಿ ಆಶ್ಚರ್ಯವೇನಿದೆ?

ಬಳ್ಳಾರಿಯ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಹೊಣೆ ಹೋದದ್ದು ನ್ಯಾಯಾಲಯಕ್ಕೆ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು, ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈನಲ್ಲಿ ಹೊರಬಂತು, ಅದೇ ತಿಂಗಳ 29ರಂದು ಜಿಲ್ಲೆಯ ಗಣಿಗಾರಿಕೆ ನಿಂತಿತು. ಇದು ಸಣ್ಣ ಗೆಲುವಲ್ಲ. ಆದರೆ ಸಂಡೂರಿನ ರಸ್ತೆಗಳಲ್ಲಿ ಕೆಂಪು ದೂಳು ಕುಡಿದ ಹಳ್ಳಿಗಳ ಪುನಶ್ಚೇತನಕ್ಕೆಂದು ಆ ಬಳಿಕ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಯಾವ ಊರಿನಲ್ಲಿ ಯಾವ ಕೆಲಸವಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವವರು ವಿರಳ. ತೀರ್ಪು ಬಂದ ದಿನವೇ ನಮ್ಮ ಕೆಲಸ ಮುಗಿಯಿತೆಂದು ಭಾವಿಸಿದೆವು. ಅದೇ ಜಿಲ್ಲೆಯ ಕುಡಿತಿನಿಯಲ್ಲಿ, ಬಾರದ ಉಕ್ಕಿನ ಕಾರ್ಖಾನೆಗಳಿಗಾಗಿ ಭೂಮಿ ಕೊಟ್ಟ ರೈತರು ನ್ಯಾಯಯುತ ಪರಿಹಾರ ಕೇಳುತ್ತ 2022ರ ಡಿಸೆಂಬರಿನಲ್ಲಿ ಧರಣಿಗೆ ಕುಳಿತರು. ಬಳ್ಳಾರಿ ನಗರಕ್ಕೂ ಕುಡಿತಿನಿಗೂ ಇರುವ ದೂರ ಬಸ್ಸಿನಲ್ಲಿ ಅರ್ಧ ಗಂಟೆಯ ಆಸುಪಾಸು. ನಗರದ ಮನಸ್ಸಿಗೆ ಅದು ಬೇರೆ ರಾಜ್ಯ.

ಕೊಪ್ಪಳದ ಉದಾಹರಣೆಯನ್ನು ನನ್ನ ವಾದಕ್ಕೆ ವಿರುದ್ಧವಾಗಿ ಯಾರಾದರೂ ತಂದೇ ತರುತ್ತಾರೆ, ತರಬೇಕು ಕೂಡ. ನಗರಕ್ಕೆ ಅಂಟಿಕೊಂಡಂತೆ ಬೃಹತ್ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬರುತ್ತದೆಂದು ತಿಳಿದಾಗ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀಗಳು ಮುಂದೆ ನಿಂತರು, ಜನಸಾಗರವೇ ಸೇರಿತು, ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸುವಂತೆ ಸೂಚಿಸಿದರು. ಜನರಲ್ಲಿ ಸಿಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ, ಶ್ರೀಗಳ ಮಾತಿನ ಬಗ್ಗೆ ನನಗೆ ಗೌರವವಿದೆ. ಆದರೂ ಒಂದು ಕಸಿವಿಸಿ ಉಳಿಯುತ್ತದೆ. ಗಿಣಿಗೇರಾ, ಹಿರೇಬಗನಾಳದ ಕಡೆಯ ಹಳ್ಳಿಗಳು ಕಾರ್ಖಾನೆಗಳ ಕಪ್ಪು ದೂಳನ್ನು ಬೆಳೆಯ ಮೇಲೆ, ಮಾಳಿಗೆಯ ಮೇಲೆ, ಕೆಮ್ಮಿನಲ್ಲಿ ಅನುಭವಿಸುತ್ತ ಎಷ್ಟೋ ವರ್ಷಗಳಿಂದ ಕೂಗುತ್ತಿದ್ದಾಗ ನಗರ ಎಲ್ಲಿತ್ತು? ದೂಳು ತನ್ನ ಅಂಗಳಕ್ಕೆ ಬರುವ ಹೊತ್ತಿಗೆ, ಅದೂ ಗುರುಗಳು ಕರೆದ ಮೇಲೆ, ಅಂಗಡಿಗಳ ಬಾಗಿಲು ಮುಚ್ಚಿದವು. ಮಠ ಕರೆಯದಿದ್ದರೆ? ಮರುದಿನ ಕಡತ ಎಲ್ಲಿಗೆ ಹೋಯಿತು, ಮಾಲಿನ್ಯ ನಿಯಂತ್ರಣ ಮಂಡಳಿ ಏನು ಬರೆಯಿತು ಎಂದು ಬೆನ್ನು ಹತ್ತುವ ಕೆಲಸಕ್ಕೆ ಆ ಸಾಗರದಿಂದ ಎಷ್ಟು ಜನ ಉಳಿದರು?

ಹೀಗೆಂದ ಮಾತ್ರಕ್ಕೆ ಬಾರದವರೆಲ್ಲ ಸ್ವಾರ್ಥಿಗಳೆಂದು ತೀರ್ಮಾನಿಸುವುದು ಅನ್ಯಾಯ. ಬಾರದಂತೆ ಮಾಡುವ ಕಾರಣಗಳು ಗಟ್ಟಿಯಾಗಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರುಗಳನ್ನು ತೆಗೆದುಕೊಳ್ಳಿ. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ರೈತರು ಕಾಲುವೆಯ ಮೈಲ್ 104ರಲ್ಲಿ ಗೇಜ್ (ನಿಗದಿತ ನೀರಿನ ಮಟ್ಟ) ಕಾಯ್ದುಕೊಳ್ಳಿ ಎಂದು ಪ್ರತಿ ಹಂಗಾಮಿನಲ್ಲೂ ರಸ್ತೆಗಿಳಿಯುತ್ತಾರೆ. ಮೇಲ್ಭಾಗದಲ್ಲಿ ಅನಧಿಕೃತವಾಗಿ ನೀರೆತ್ತುವುದು ಹಾಗೆಯೇ ನಡೆಯುತ್ತದೆ. ಮೊದಲು ಇಂಥ ಚಳವಳಿಗೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತಿದ್ದವು, ಮನೆಮನೆಯಿಂದ ರೊಟ್ಟಿ ಬುತ್ತಿ ಬರುತ್ತಿತ್ತು, ಖರ್ಚಿಗೆ ಊರಲ್ಲೇ ಪಟ್ಟಿ ಹಾಕುತ್ತಿದ್ದರು. ಈಗ ಎಷ್ಟೋ ಹೊಲಗಳ ಒಡೆಯರು ಪಟ್ಟಣದಲ್ಲಿದ್ದಾರೆ, ಉಳುವವನು ಲೀಜಿನವನು. ಲೀಜಿನವನಿಗೆ ಪಹಣಿಯಲ್ಲಿ ಹೆಸರಿಲ್ಲ, ಬೆಳೆ ಪರಿಹಾರ ಸಿಗುವುದಿಲ್ಲ, ಅಧಿಕಾರಿಯ ಮುಂದೆ ‘ನಾನು ರೈತ’ ಎನ್ನಲು ಕಾಗದವಿಲ್ಲ. ನೀರು ಬಾರದಿದ್ದರೆ ಅವನು ಲೀಜು ಬಿಟ್ಟು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾನೆ. ಗಟ್ಟಿಮುಟ್ಟಾದವರೆಲ್ಲ ಕಟ್ಟಡ ಕೆಲಸಕ್ಕೆ ಹೋದ ಊರಿನಲ್ಲಿ ಘೋಷಣೆ ಕೂಗಬೇಕಾದವರು ಮುದುಕರು ಮತ್ತು ಶಾಲೆಯ ಮಕ್ಕಳು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಮುಂದೆ 33 ಗೇಟುಗಳನ್ನೂ ಬದಲಿಸಲು ಎರಡನೇ ಬೆಳೆಯ ನೀರನ್ನೇ ಕೈಬಿಡಬೇಕಾಯಿತು. ಆಗಲೂ ಅನೇಕ ಕುಟುಂಬಗಳ ಪ್ರತಿಕ್ರಿಯೆ ಧರಣಿಯಾಗಿರಲಿಲ್ಲ, ಬಸ್ ಟಿಕೆಟ್ ಆಗಿತ್ತು.

ಓದಿದ ಹುಡುಗರ ಭಯ ಇನ್ನೊಂದು ಬಗೆಯದು. ಪೊಲೀಸ್ ಕಾನ್‌ಸ್ಟೆಬಲ್, ಪಿಡಿಒ, ಶಿಕ್ಷಕ ಹುದ್ದೆಗಳಿಗೆ ವರ್ಷಗಟ್ಟಲೆ ಓದುತ್ತಿರುವವನಿಗೆ ಒಂದು ಎಫ್‌ಐಆರ್ ಎಂದರೆ ಪೂರ್ವಾಪರ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಅಪಾಯ. ನೇಮಕಾತಿ ವಿಳಂಬದ ವಿರುದ್ಧ ಕೂಗಲು ಹೆಚ್ಚು ಕಾರಣವಿರುವವನೇ ಕೂಗಲು ಹೆಚ್ಚು ಹೆದರುತ್ತಾನೆ. 1980ರ ದಶಕದ ಕೊನೆಯಿಂದ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯೂ ಇಲ್ಲವಾದ್ದರಿಂದ ಸಭೆ ಕರೆಯುವುದು, ನಡಾವಳಿ ಬರೆಯುವುದು, ಭಿನ್ನಮತವನ್ನು ಸಹಿಸುವುದು, ಖರ್ಚಿನ ಲೆಕ್ಕ ಒಪ್ಪಿಸುವುದು ಇದ್ಯಾವುದನ್ನೂ ಕಲಿಯದೆ ಮೂರು ದಶಕಗಳ ಪದವೀಧರರು ಹೊರಬಂದಿದ್ದಾರೆ.

ಸಂಘಟನೆಗಳ ಪಾಲನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಬೆಳಿಗ್ಗೆ ಕಳಪೆ ಕಾಮಗಾರಿಯ ವಿರುದ್ಧ ಪತ್ರಿಕಾಗೋಷ್ಠಿ, ಸಂಜೆ ಅದೇ ಗುತ್ತಿಗೆದಾರರೊಂದಿಗೆ ಹೊಂದಾಣಿಕೆ. ಇದನ್ನು ಜನ ‘ರೋಲ್‌ಕಾಲ್’ ಎಂದು ಕರೆದು ನಗುತ್ತಾರೆ. ಆ ನಗೆಯ ಬೆಲೆಯನ್ನು ತೆರುವವರು ಮಾತ್ರ ಪ್ರಾಮಾಣಿಕ ಕಾರ್ಯಕರ್ತರು.

ಹಿಂದಿನ ಕಾಲವೆಲ್ಲ ಚಿನ್ನವೆಂದು ನಾನು ನಂಬುವುದಿಲ್ಲ. ಹೈದರಾಬಾದ್ ವಿಮೋಚನೆಯ ದಿನಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರಂಥವರು ಮುಂಡರಗಿಯ ಶಿಬಿರದಿಂದ ನಿಜಾಮನ ವಿರುದ್ಧ ಸೆಣಸುತ್ತಿದ್ದಾಗಲೂ ಬಹುಪಾಲು ಜನ ಬಾಗಿಲು ಹಾಕಿಕೊಂಡೇ ಇದ್ದಿರಬೇಕು. ಆದರೆ ಶಿಬಿರಕ್ಕೆ ಕಾಳು ಹೊತ್ತವರು, ರಾತ್ರಿ ದಾರಿ ತೋರಿಸಿದವರು ಇದ್ದರು. ಪಾಲ್ಗೊಳ್ಳುವುದಕ್ಕೆ ನೂರು ಸಣ್ಣ ದಾರಿಗಳಿದ್ದವು. ಇಂದು ವೇದಿಕೆಯ ಮೇಲಿರಬೇಕು, ಇಲ್ಲವೇ ಲೈಕ್ ಒತ್ತಬೇಕು. ನಡುವಿನ ಕೆಲಸಗಳೇ ಮಾಯವಾಗಿವೆ.

ಈ ನಡುವಿನ ಕೆಲಸವನ್ನು ಇನ್ನೂ ಉಳಿಸಿಕೊಂಡಿರುವವರು ಮಹಿಳೆಯರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರಲ್ಲಿ ರಾಯಚೂರಿನ ಹಳ್ಳಿಗಳವರು ಬಹಳ ಮಂದಿ ಇದ್ದರು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನ ಚಳಿಯಲ್ಲಿ ಅಹೋರಾತ್ರಿ ಕುಳಿತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದೇ ಎದ್ದರು. ಭರವಸೆ ಜಾರಿಯಾಗದಿದ್ದಾಗ ಮತ್ತೆ ಬೀದಿಗೆ ಬಂದರು. ಅವರಿಗೆ ಬಿಡುವಾಗಲಿ ಹಣವಾಗಲಿ ನಮಗಿಂತ ಹೆಚ್ಚಿಲ್ಲ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರು ತಿಂಗಳಿಗೊಮ್ಮೆ ಮುಖಾಮುಖಿ ಸೇರುತ್ತಾರೆ, ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಎಂಬುದು ಒಬ್ಬರಿಗೊಬ್ಬರಿಗೆ ಗೊತ್ತಿರುತ್ತದೆ. ನಮ್ಮ ರೈತರಿಗೆ, ನಗರದ ಬಡಾವಣೆಗಳಿಗೆ, ನೌಕರಿ ಕಾಯುವ ಹುಡುಗರಿಗೆ ಹಾಗೆ ಸೇರುವ ಜಾಗ ಉಳಿದಿಲ್ಲ.

ಆದ್ದರಿಂದ ದೊಡ್ಡ ಬಂದ್‌ಗೆ ಕರೆ ಕೊಡುವ ಮುನ್ನ ನನ್ನ ಗೆಳೆಯರಲ್ಲಿ ಒಂದು ಸಣ್ಣ ಕೋರಿಕೆಯಿದೆ. ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಮುಂದಿನ ಸಭೆಗೆ ತಿಂಗಳು ಮೊದಲೇ ಕೊನೆ ಭಾಗದ ಪ್ರತಿ ಉಪಕಾಲುವೆಯ ಊರಿನಲ್ಲಿ ಒಮ್ಮೆ ಕೂಡೋಣ. ಗೇಜಿನ ದಿನವಹಿ ಅಳತೆಯನ್ನು ನಾವೇ ಬರೆದಿಡೋಣ, ಪಟ್ಟಿ ಹಾಕಿದ ಹಣದ ಲೆಕ್ಕವನ್ನು ಗುಡಿಯ ಗೋಡೆಗೆ ಅಂಟಿಸೋಣ, ಲೀಜಿನ ರೈತನ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯೋಣ. ಸಿಂಧನೂರು, ಸಿರವಾರದ ಕಡೆ ಇಂಥ ಕೆಲಸ ಈಗಾಗಲೇ ನಡೆಯುತ್ತಿದ್ದರೆ ಕೆಳಗೆ ತಿಳಿಸಿ. ಹೊಸದಾಗಿ ಶುರು ಮಾಡುವುದಕ್ಕಿಂತ ಅವರ ಸಭೆಗೆ ಹೋಗಿ ಕೂರುವುದು ಒಳ್ಳೆಯದು.