‘ಎರಡೇ ನಿಮಿಷ’ ಅಂತ ಫೋನ್ ಮಾಡುವವರಿಗೆ

ಶಿರಸಿ-ಸಿದ್ದಾಪುರ ಕಡೆಯವರಿಗೆ ಬೆಂಗಳೂರಿನ ಆಫೀಸುಗಳಲ್ಲಿ ಒಂದು ಮಾತು ಕಾಯಂ: ‘ನಿಮಗೇನಪ್ಪ, ಊರಲ್ಲಿ ನೆಟ್‌ವರ್ಕೇ ಇಲ್ಲ, ಆರಾಮ ರಜೆ.’ ಎಂತ ಆರಾಮ ಮಾರಾಯ್ರೆ? ಟವರ್ ಸಿಗದ ಎಷ್ಟೋ ಮನೆಗಳಿಗೆ ಫೈಬರ್ ಬಂದಾಗಿದೆ. ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಇದ್ದರೆ ಅಡಿಕೆ ತೋಟದ ನಡುವಿನ ಮನೆಯಲ್ಲೂ ಮ್ಯಾನೇಜರ್ ದನಿ ಗಂಟೆ ಹೊಡೆದಂತೆ ಕೇಳುತ್ತದೆ. ಮಳೆಗೆ ಕರೆಂಟು ಹೋಗಿ ಮೋಡೆಮ್ ಆರಿದರೂ ಬಿಡುಗಡೆಯಿಲ್ಲ, ಸಿಗ್ನಲ್ ಹುಡುಕಿ ಲ್ಯಾಪ್‌ಟಾಪ್ ಹೊತ್ತು ಗುಡ್ಡ ಹತ್ತಬೇಕು. ಚೌತಿಗೆ ನೆರೆಹೊರೆಯವರು ಕೂಡಿ ಚಕ್ಕುಲಿ ಮಾಡುವ ಚಕ್ಕುಲಿ ಕಂಬಳದಲ್ಲಿ ಎಲ್ಲರೂ ಹಿಟ್ಟಿನ ಎಳೆ ಸುತ್ತುತ್ತ ಕೂತಿರುವಾಗ, ಮೆತ್ತಿದ ಕೈ ಎತ್ತಿಹಿಡಿದು, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿ, ‘ಹಾಂ ಸರ್, ಫೈಲ್ ಆ ಫೋಲ್ಡರಿನಲ್ಲೇ ಇದೆ’ ಎನ್ನುವವರು ಮನೆಗೊಬ್ಬರು.

ರಜೆ ಮಂಜೂರು ಮಾಡುತ್ತಾರೆ, ಕೆಲಸ ಮಾತ್ರ ಯಾರಿಗೂ ವಹಿಸುವುದಿಲ್ಲ. ಇಷ್ಟೇ ಸಮಾಚಾರ. ಚೌತಿ ಯಾವತ್ತು ಅಂತ ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಂತ ಎಲ್ಲರಿಗೂ ಗೊತ್ತು. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ, ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ 11. ಎರಡೂ ಗೊತ್ತಿದ್ದ ತಾರೀಖೇ. ಆದರೂ ಪ್ರತಿ ಸಲ ‘ಅಯ್ಯೋ, ಅರ್ಜೆಂಟ್!’

ಅಸಲಿ ರೋಗ ಒಟಿಪಿಯದ್ದು. ಆಫೀಸಿನ ಪೋರ್ಟಲುಗಳನ್ನೆಲ್ಲ ಒಬ್ಬರ ಸ್ವಂತ ಮೊಬೈಲಿಗೆ ಕಟ್ಟಿಹಾಕಿರುತ್ತಾರೆ. ಆ ಮನುಷ್ಯ ಶಿರಸಿ-ಕುಮಟಾ ದಾರಿಯ ದೇವಿಮನೆ ಘಾಟಿ ಇಳಿಯುತ್ತಿದ್ದರೆ ಇಡೀ ಲೆಕ್ಕಪತ್ರ ವಿಭಾಗ ಒಟಿಪಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಇನ್ನೊಬ್ಬ ಅಧಿಕೃತ ಸಹಿದಾರರನ್ನು ಸೇರಿಸಬಹುದು. ಅದು ನಾನ್-ಕೋರ್, ಅಂದರೆ ಮೂಲ ವಿವರಗಳನ್ನು ಮುಟ್ಟದ ತಿದ್ದುಪಡಿ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಬ್ಯಾಂಕಿನಲ್ಲಿ ಪಾವತಿ ಹಾಕುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಇರುವ ಕಡೆ, ಒಪ್ಪುವವರೇ ರಜೆಯಲ್ಲಿದ್ದರೆ ಸಂಬಳವೂ ನಿಲ್ಲುತ್ತದೆ. ಎರಡನೇ ಹೆಸರು ಸೇರಿಸಲು ಫಾರಂ, ಸಹಿ, ಶಾಖೆ ಅಂತ ದಿನಗಳು ಹಿಡಿಯುತ್ತವೆ, ಹೊರಡುವ ಹಿಂದಿನ ಸಂಜೆ ನೆನಪಾದರೆ ಏನೂ ಆಗದು. ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವಿನಂಥ ಸಾಧನ), ಪಿನ್ ಎರಡನ್ನೂ ಡ್ರಾಯರಿನಲ್ಲಿ ಬಿಟ್ಟು ಹೋಗು ಎನ್ನುವ ಮಹಾನುಭಾವರೂ ಇದ್ದಾರೆ! ದಯವಿಟ್ಟು ಬಿಡಬೇಡಿ. ಆ ಸಹಿಗೆ ಉತ್ತರ ಹೇಳಬೇಕಾದವರು ನೀವೇ.

ಇನ್ನು ಫೋನು. ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿದರೂ ನಿಮ್ಮ ಹೆಸರು ಹಾಕಿ ಕರೆದರೆ ಸದ್ದು ಬರುತ್ತದೆ. ಆರ್ಕೈವ್‌ಗೆ ಹಾಕಿ, ಹೊಸ ಮೆಸೇಜ್ ಬಂದರೂ ಅಲ್ಲೇ ಇರಲಿ ಎನ್ನುವ ಸೆಟ್ಟಿಂಗ್ ಚಾಲೂ ಮಾಡಿದರೆ ಗ್ರೂಪ್ ಕಣ್ಣಿಗೆ ಬೀಳದು, ಆದರೆ ಹೆಸರು ಹಾಕಿ ಕರೆದರೆ ಆಗಲೂ ಸದ್ದು ಬರಬಹುದು. ಡು ನಾಟ್ ಡಿಸ್ಟರ್ಬ್ ಹಾಕಿದ್ದರೂ ಬಾಸ್ ಕರೆ ಹೇಗೆ ಬಂತು ಅಂತ ಹಲವರು ತಲೆ ಕೆರೆದುಕೊಳ್ಳುತ್ತಾರೆ. ಮತ್ತೆ ಮತ್ತೆ ಕರೆಯುವವರಿಗೆ ಅದರಲ್ಲಿ ಕಿಂಡಿ ಇದೆ: ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ ಮೂರು ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಕರೆ ಬಂದರೆ ರಿಂಗ್ ಆಗುತ್ತದೆ. ಕೆಲವು ಬಾಸುಗಳು ಒಂದೇ ಸಲಕ್ಕೆ ಎಲ್ಲಿ ಬಿಡುತ್ತಾರೆ? ಆ ಆಯ್ಕೆಯನ್ನು ಆಫ್ ಮಾಡಿ, ಮನೆಯವರ ನಂಬರುಗಳಿಗೆ ಮಾತ್ರ ವಿನಾಯಿತಿ ಕೊಡಿ. ಜಿಮೇಲ್‌ನ ರಜಾ ಉತ್ತರ ಒಬ್ಬರಿಗೇ ಪದೇ ಪದೇ ಹೋಗದು, ನಾಲ್ಕು ದಿನಕ್ಕೊಮ್ಮೆ ಹೋಗುತ್ತದೆ. ಅದರಲ್ಲಿ ಬದಲಿ ವ್ಯಕ್ತಿಯ ಹೆಸರು, ನಂಬರ್ ಇರಲಿ. ‘ತೀರಾ ತುರ್ತಿದ್ದರೆ ನನ್ನ ಮೊಬೈಲಿಗೆ’ ಅಂತ ಬರೆದಿರೋ, ಎಲ್ಲರದೂ ತೀರಾ ತುರ್ತೇ.

ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕಿಗೆ ಕಾನೂನಿದೆ. ನಮ್ಮಲ್ಲಿ 2018ರಲ್ಲಿ ಲೋಕಸಭೆಗೆ ಖಾಸಗಿ ಮಸೂದೆ ಬಂತು, ಕಾಯ್ದೆಯಾಗಲಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ 20 ದಿನ ದುಡಿದರೆ ಒಂದು ದಿನದ ರಜೆ. ಅದನ್ನೂ ‘ಎರಡೇ ನಿಮಿಷ’ದ ಲೆಕ್ಕದಲ್ಲಿ ಕಿತ್ತುಕೊಂಡರೆ?

ರಜೆಗೆ ಎರಡು ದಿನ ಮೊದಲು, ನೀವು ಆಫೀಸಿನಲ್ಲೇ ಇರುವಾಗ, ಬದಲಿಯವರ ಕೈಗೆ ಎಲ್ಲ ಕೊಟ್ಟು ಅರ್ಧ ದಿನ ಸುಮ್ಮನೆ ಕೂರಿ. ಪಾಸ್‌ವರ್ಡ್ ಇಲ್ಲ, ಫೋಲ್ಡರಿಗೆ ಅನುಮತಿ ಇಲ್ಲ, ವೆಂಡರ್ ನಂಬರ್ ಇಲ್ಲ, ಎಲ್ಲ ಅಲ್ಲೇ ಬಯಲಾಗುತ್ತದೆ. ಆ ಅರ್ಧ ದಿನವನ್ನೂ ಕೊಡದ ಬಾಸು ಮಹಾಮಂಗಳಾರತಿ ಹೊತ್ತಿಗೆ ಫೋನ್ ಮಾಡಿದರೆ, ಆ ದಿನದ ರಜೆ ವಾಪಸ್ ಖಾತೆಗೆ ಹಾಕಿ ಅಂತ ಎಚ್‌ಆರ್‌ಗೆ ಮೇಲ್ ಬರೆಯಿರಿ. ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ನಡೆಯಿತು ಎಲ್ಲ ಕಾಲ್ ಲಾಗಿನಲ್ಲಿದೆ, ಸ್ಕ್ರೀನ್‌ಶಾಟ್ ಲಗತ್ತಿಸಿ.