ಟರ್ಬೈನ್ ರೋಟರ್ ವೆಲ್ಡಿಂಗ್ ಕುರಿತ ಸಂದೇಶಕ್ಕೆ ಸ್ಪಷ್ಟನೆ

‘ಉಗಿ ಟರ್ಬೈನಿನ ರೋಟರಿನಲ್ಲಿ (ಉಗಿಯ ಬಲದಿಂದ ತಿರುಗುವ ದಂಡದಲ್ಲಿ) ತುಕ್ಕಿನಿಂದ ಬಿರುಕು ಬಿಟ್ಟರೆ ಮೇಲೊಂದು ಪದರ ಸ್ಟೇನ್‌ಲೆಸ್ ರಾಡಿನ ವೆಲ್ಡ್ ಹಾಕಿ ಉಜ್ಜಿದರೆ ಸಾಕು, ಮತ್ತೆಂದೂ ತುಕ್ಕು ಬಾರದು’ ಎಂಬ ಸಂದೇಶವು ಹುಬ್ಬಳ್ಳಿಯ ವರ್ಕ್‌ಶಾಪ್‌ಗಳಿಂದ ಹಾವೇರಿ, ಗದಗ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಗುಂಪುಗಳವರೆಗೆ ಹರಿದಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಪರಿಶೀಲಿಸದೆ ಕಳುಹಿಸಿದ್ದೆ. ಅದು ತಪ್ಪು ಮಾಹಿತಿ.

ಬಿರುಕನ್ನು ಮುಚ್ಚುವುದು ದುರಸ್ತಿಯಲ್ಲ. ಒಳಗೆ ಉಳಿದ ಬಿರುಕಿನ ತುದಿ ಪುನಃ ಬೆಳೆಯುತ್ತದೆ. ಸರಿಯಾದ ವಿಧಾನದಲ್ಲಿ ಹಾಳಾದ ಲೋಹವನ್ನೆಲ್ಲ ಲೇತಿನಲ್ಲಿ ಕಡೆದು ತೆಗೆದು, ಬಿರುಕು ಉಳಿದಿಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ರೋಟರನ್ನು ಮೊದಲೇ ಕಾಯಿಸಿ, ಪದರದ ಮೇಲೆ ಪದರವಾಗಿ ವೆಲ್ಡ್ ಲೋಹ ತುಂಬಿ, ಆಮೇಲೆ ಶಾಖೋಪಚಾರ ನೀಡಿ (ನಿಗದಿತ ಬಿಸಿಗೆ ಮತ್ತೆ ಕಾಯಿಸಿ ನಿಧಾನವಾಗಿ ತಣಿಸಿ), ಒಳಗಿನ ದೋಷ ಪತ್ತೆಹಚ್ಚುವ ಅಲ್ಟ್ರಾಸಾನಿಕ್ ತಪಾಸಣೆ ನಡೆಸಿ, ಬ್ಲೇಡುಗಳು ಕೂರುವ ತೋಡುಗಳನ್ನು ಮತ್ತೆ ಕೊರೆದು, ಕೊನೆಗೆ ತಿರುಗುವಾಗ ನಡುಗದಂತೆ ಬ್ಯಾಲೆನ್ಸ್ ಮಾಡಬೇಕು. ಶಾಖೋಪಚಾರವನ್ನು ಬಿಡುವುದು ದೊಡ್ಡ ಅಪಾಯ, ಏಕೆಂದರೆ ವೆಲ್ಡಿನ ಪಕ್ಕದ ಉಕ್ಕು ಗಡುಸಾಗಿ ಉಳಿಯುತ್ತದೆ, ಗಡುಸಾದ ಉಕ್ಕೇ ಒತ್ತಡ ಮತ್ತು ತುಕ್ಕು ಸೇರಿದಾಗ ಬೇಗ ಸೀಳುತ್ತದೆ.

ಕಡಿಮೆ ಒತ್ತಡದ ಉಗಿಯಲ್ಲಿ ತಿರುಗುವ ರೋಟರುಗಳಿಗೆ ಸುಮಾರು 12 ಶೇಕಡಾ ಕ್ರೋಮಿಯಂ ಇರುವ ವೆಲ್ಡ್ ಲೋಹವನ್ನು ಬಳಸುವುದುಂಟು. ಅದು ಮೂಲ ಉಕ್ಕಿಗಿಂತ ತುಕ್ಕನ್ನು ಹೆಚ್ಚು ತಾಳುತ್ತದೆ. ಸಾಮಾನ್ಯ 18–8 (ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುವ) ಸ್ಟೇನ್‌ಲೆಸ್ ಹಾಗಲ್ಲ: ಕಾಯ್ದಾಗ ರೋಟರಿನ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ನೀರಿನ ಉಪ್ಪಿನಂಶವಾದ ಕ್ಲೋರೈಡ್ ಸೋಕಿದರೆ ಅದೂ ಬಿರುಕು ಬಿಡುತ್ತದೆ. ಯಾವ ವೆಲ್ಡಾದರೂ ಬಾಯ್ಲರ್ ನೀರಿನ ಶುದ್ಧತೆಗೆ ಪರ್ಯಾಯವಲ್ಲ.

50 ಹರ್ಟ್ಸ್‌ನ ಎರಡು ಧ್ರುವದ ಜನರೇಟರಿಗೆ ನೇರ ಜೋಡಿಸಿದ ರೋಟರ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಅದು ಒಡೆದರೆ ಹತ್ತಿರವಿದ್ದವರ ಜೀವಕ್ಕೇ ಕುತ್ತು. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ; ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.