ಕಲಬುರಗಿಯ ಬಿಸಿಲು, ಡಾಲಸ್‌ನ ಸೀಟಿ

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕುಳಿತು ಕಡತ ತಿರುವುವವರಿಗೂ ನಮ್ಮೂರ ಬಿಸಿಲು ತಡೆಯಲಾಗದು ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಆದರೆ ಈ ಏಪ್ರಿಲ್‌ನಲ್ಲಿ ರಜೆಗೆಂದು ಊರಿಗೆ ಬಂದು, ಅಕ್ಕನ ಮಗನ ಫುಟ್‌ಬಾಲ್ ಪಂದ್ಯ ನೋಡಲು ಹೋದರೆ, ಆಟ ಶುರುವಾದದ್ದು ಹನ್ನೊಂದೂಕಾಲಿಗೆ. ಅತಿಥಿಗಳು ಬರುವುದು ತಡವಾಗಿತ್ತು. ಹನ್ನೆರಡು ವರ್ಷದ ಆಸುಪಾಸಿನ ಹುಡುಗರು ಹಾರ ತುರಾಯಿ ಮುಗಿಯುವವರೆಗೆ ಸಾಲಾಗಿ ನಿಂತು ನೆತ್ತಿ ಕಾಯಿಸಿಕೊಂಡರು. ಬಿಸಿಲು ಬಡಿಯದಿರಲೆಂದು ಅಳಿಯನ ಜೇಬಿನಲ್ಲಿ ಅವನ ಅಜ್ಜಿ ಇಟ್ಟು ಕಳಿಸಿದ್ದ ಉಳ್ಳಾಗಡ್ಡಿಯೊಂದೇ ಅಂದಿನ ಸುರಕ್ಷತಾ ಕ್ರಮ.

ನಾನು ಅಮೆರಿಕದ ಡಾಲಸ್‌ನಲ್ಲಿ ಒಂಬತ್ತು ವರ್ಷಗಳಿಂದ ಶನಿವಾರ, ಭಾನುವಾರ ಮಕ್ಕಳ ಪಂದ್ಯಗಳಿಗೆ ರೆಫರಿಯಾಗಿ ಸೀಟಿ ಊದುತ್ತಿದ್ದೇನೆ. ಅಲ್ಲಿ ಫುಟ್‌ಬಾಲ್ ಎಂದರೆ ಬೇರೆಯೇ ಆಟ, ನಮ್ಮದಕ್ಕೆ ಸಾಕರ್ ಎನ್ನಬೇಕು. ಬಿಸಿಲಿನಲ್ಲಿ ಡಾಲಸ್ ನಮ್ಮೂರಿಗೆ ದಾಯಾದಿಯೇ, 40 ಡಿಗ್ರಿ ಅಲ್ಲಿ ಹೊಸದಲ್ಲ. ಆದ್ದರಿಂದ ನೆಪವನ್ನು ಸೂರ್ಯನ ಮೇಲೆ ಹೊರಿಸುವಂತಿಲ್ಲ. ಅಲ್ಲಿ ಸೆಖೆ ಹೆಚ್ಚಾದರೆ ಅರ್ಧ ಆಟದ ನಡುವೆಯೇ ನೀರಿಗೆ ನಿಲ್ಲಿಸುತ್ತೇನೆ. ಗುಡುಗು ಕೇಳಿದರೆ ಎಲ್ಲರನ್ನೂ ಮೈದಾನದಿಂದ ಹೊರಗೆ ಕಳಿಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುತ್ತೇನೆ. ಆಟಕ್ಕೆ ಮೊದಲು ಗೋಲು ಕಂಬವನ್ನು ಹಿಡಿದು ಅಲುಗಿಸುವುದು ನನಗೀಗ ಚಟವೇ ಆಗಿದೆ. ಕಂಬಗಳು ನೆಲಕ್ಕೆ ಭದ್ರವಾಗಿರಬೇಕೆಂದು ಆಟದ ಮೊದಲ ನಿಯಮವೇ ಹೇಳುತ್ತದೆ. ಮಗುಚಿದ ಕಂಬದಡಿ ಮಕ್ಕಳು ಜೀವ ಬಿಟ್ಟ ಪ್ರಕರಣಗಳು ಅಮೆರಿಕದಲ್ಲಿವೆ.

ಇಲ್ಲಿಯೂ ಅಲುಗಿಸಿ ನೋಡಿದೆ. ಕಬ್ಬಿಣದ ಪೈಪಿನ ಕಂಬ ಎರಡು ಬೆರಳಿಗೆ ಮುಂದಕ್ಕೆ ವಾಲಿತು.

ಇಪ್ಪತ್ತನೇ ನಿಮಿಷದಲ್ಲಿರಬೇಕು, ಎತ್ತರಕ್ಕೆ ಪುಟಿದ ಚೆಂಡಿಗೆ ತಲೆಕೊಡಲು ಹೋಗಿ ಇಬ್ಬರು ಹುಡುಗರು ಡಿಕ್ಕಿಯಾದರು. ಒಬ್ಬ ಎದ್ದ, ಇನ್ನೊಬ್ಬ ಏಳಲಿಲ್ಲ. ಆಟ ಮುಂದುವರಿಯಿತು. ಚೆಂಡು ತಾನಾಗಿ ಹೊರಗೆ ಹೋದ ಮೇಲೆ ರೆಫರಿಯಾಗಿದ್ದ ಡ್ರಿಲ್ ಮಾಸ್ತರರು ಬಂದು, ಹುಡುಗನ ತಲೆಗೆ ನೀರು ಸುರಿದು, ಗ್ಲೂಕೋಸ್ ತಿನ್ನಿಸಿ, "ಏನೂ ಆಗಿಲ್ಲ, ಏಳಪ್ಪ ಗಂಡಸೇ" ಎಂದು ಬೆನ್ನು ತಟ್ಟಿದರು. ಹುಡುಗ ಓಡಿದ. ವಿರಾಮದಲ್ಲಿ ನನ್ನ ಪಕ್ಕ ಕುಳಿತವನು, "ಕಾಕಾ, ಎಷ್ಟು ಗೋಲಾಯಿತು?" ಎಂದ. ಹೇಳಿದೆ. ಎರಡು ನಿಮಿಷದಲ್ಲಿ ಮತ್ತೆ ಅದನ್ನೇ ಕೇಳಿದ.

ಮಿದುಳಿಗೆ ಪೆಟ್ಟಾದ ಲಕ್ಷಣವಿದು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಜೀವಕ್ಕೇ ಎರವಾಗಬಹುದು. 2009ರಲ್ಲಿ ವಾಷಿಂಗ್ಟನ್ ರಾಜ್ಯ ಮಕ್ಕಳಿಗಾಗಿ ಇದಕ್ಕೊಂದು ಕಾನೂನು ಮಾಡಿತು, ಈಗ 50 ರಾಜ್ಯಗಳಲ್ಲೂ ಅಂಥ ಕಾನೂನುಗಳಿವೆ. ಸಂಶಯ ಬಂದರೆ ಸಾಕು, ಆ ಮಗು ಅಂದು ಆಡುವಂತಿಲ್ಲ. 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರು ಚೆಂಡಿಗೆ ತಲೆ ಕೊಡುವುದೇ ಬೇಡ ಎಂದು ಅಮೆರಿಕದ ಸಾಕರ್ ಸಂಸ್ಥೆ 2015ರಲ್ಲಿ ನಿಲ್ಲಿಸಿಬಿಟ್ಟಿತು. ನಾನು ಆ ಹುಡುಗನ ತಂದೆಯನ್ನು ಹುಡುಕಿ ಹೇಳಿದೆ. ವೈದ್ಯರು ಸ್ವಲ್ಪ ದಿನ ಆಟ ಬೇಡವೆಂದರು.

ಹಾಗೆಂದು ಡಾಲಸ್ ಸ್ವರ್ಗವಲ್ಲ. ಅಲ್ಲಿ ಆಟಕ್ಕೆ ಶುಲ್ಕ ಕಟ್ಟಿದ ತಂದೆತಾಯಂದಿರು ರೆಫರಿಯನ್ನೂ ಕೊಂಡುಕೊಂಡವರಂತೆ ಅರಚುತ್ತಾರೆ. ಹದಿಮೂರು, ಹದಿನಾಲ್ಕರ ಮಕ್ಕಳೂ ಅಲ್ಲಿ ರೆಫರಿಗಳಾಗುತ್ತಾರೆ. ಅವರಲ್ಲೊಬ್ಬಳು ಕಾರಿನಲ್ಲಿ ಕುಳಿತು ಅಳುವುದನ್ನು ನೋಡಿದ್ದೇನೆ. ನನ್ನ ಬೆನ್ನಿಗೆ ನಿಯಮದ ಪುಸ್ತಕವಿದೆ, ಗೌರವ ಅಷ್ಟಕ್ಕಷ್ಟೇ. ಕಲಬುರಗಿಯಲ್ಲಿ ಮಾಸ್ತರರು ಸೀಟಿ ಊದಿದರೆ ಒಬ್ಬ ಅಪ್ಪನೂ ತುಟಿಪಿಟಕ್ ಎನ್ನಲಿಲ್ಲ. ಇಷ್ಟು ಮಾತು ನಡೆಯುವ ಮನುಷ್ಯನಿಗೆ ಆಟ ನಿಲ್ಲಿಸುವುದೂ ತನ್ನ ಕೆಲಸವೆಂದು ಯಾರೂ ಹೇಳಿಕೊಟ್ಟಿಲ್ಲ, ನನಗೆ ಹೊಟ್ಟೆ ಉರಿದದ್ದು ಅದಕ್ಕೆ. ಪಾಪ, ಸ್ಕೋರು ಬರೆಯುವವರು ಅವರೇ, ನೀರಿನ ಕ್ಯಾನು ತರಿಸುವವರು ಅವರೇ, ಒಂದು ತಂಡದ ಕೋಚ್ ಕೂಡ ಅವರೇ. ಗಂಭೀರ ಗಾಯವಾದರೆ ಚೆಂಡು ಎಲ್ಲೇ ಇರಲಿ ಆಟ ನಿಲ್ಲಿಸಬೇಕೆಂದು ಐದನೆಯ ನಿಯಮ ಹೇಳುತ್ತದೆ. ಅದಕ್ಕೆ ಕಾಸು ಖರ್ಚಿಲ್ಲ.

ಎಲ್ಲವನ್ನೂ ಅಲ್ಲಿಂದ ಹಾಗೆಯೇ ತರಬೇಕೆಂದೂ ಅಲ್ಲ. ನಿಯಮದ ಪ್ರಕಾರ ಮೈಮೇಲೆ ಯಾವ ಆಭರಣವೂ ಇರಬಾರದು. ಕಡಗ, ಕಿವಿಯ ಮುರುವು ಬಿಚ್ಚಿಸುತ್ತೇನೆ. ದರ್ಗಾದ ತಾಯತ, ಕೊರಳ ಲಿಂಗವನ್ನು ಬಿಚ್ಚೆಂದು ಕಲಬುರಗಿಯ ಹುಡುಗನಿಗೆ ಹೇಳಲು ನನ್ನ ನಾಲಿಗೆ ಏಳದು. ಅಮೆರಿಕದ ಹೈಸ್ಕೂಲು ಆಟಗಳಲ್ಲಿ ಧಾರ್ಮಿಕ ಪದಕವನ್ನು ಅಂಗಿಯೊಳಗೆ ಮೈಗೆ ಅಂಟಿಸಿಕೊಂಡು ಆಡಬಹುದು. ನಮಗೂ ಅದೇ ಸರಿ, ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಳ್ಳಲಿ.

ಮರುದಿನದ ಪಂದ್ಯಕ್ಕೆ ಮಾಸ್ತರರು ನನ್ನ ಕೈಗೇ ಸೀಟಿ ಕೊಟ್ಟರು. ಏಳು ಗಂಟೆಗೇ ಶುರುಮಾಡೋಣ ಎಂದೆ, ಒಪ್ಪಿದರು. ತೊಗರಿಯ ಖಾಲಿ ಚೀಲಗಳಿಗೆ ಮಣ್ಣು ತುಂಬಿ ಕಂಬಗಳ ಹಿಂದಿನ ಪೈಪಿನ ಮೇಲೆ ಹೇರಿದೆವು. ಹದಿನೈದನೇ ನಿಮಿಷದಲ್ಲಿ ನೀರಿಗೆಂದು ಆಟ ನಿಲ್ಲಿಸಿದಾಗ, "ಇದೇನು ಬೀಗರ ಊಟವೇ, ನಡುನಡುವೆ ನೀರು ಕೊಡಲು?" ಎಂದು ಗುಂಪಿನಲ್ಲೊಬ್ಬರು ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ. ನಕ್ಕು ಮುಗಿಸಿ, ಕ್ಯಾನಿನಿಂದ ಮೊದಲ ಲೋಟ ತಾವೇ ಕುಡಿದರು.